ಇಂಧನ ಟ್ಯಾಂಕಿಗೆ ತೂತು ಕೊರೆಯುವಾಗ ಲೋಹದ ಚೂರು ಒಳಗೆ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಡೀಸೆಲ್ ಹೀಟರಿಗೆ ಪ್ರತ್ಯೇಕ ಪೈಪು ಇಳಿಸಬೇಕು, ಇಂಧನದ ಮಟ್ಟ ತೋರಿಸುವ ಹೊಸ ಸೆಂಡರ್ ಕೂರಿಸಬೇಕು, ಇಲ್ಲವೇ ಎಂಜಿನ್ನಿನಿಂದ ಮರಳುವ ಇಂಧನಕ್ಕೆ ಇನ್ನೊಂದು ದಾರಿ ಮಾಡಬೇಕು. ಕಾರಣ ಏನೇ ಇರಲಿ, ಕೊನೆಗೆ ಟ್ಯಾಂಕಿನ ಮುಂದೆ ಡ್ರಿಲ್ ಹಿಡಿದು ನಿಲ್ಲುವ ಗಳಿಗೆ ಬರುತ್ತದೆ. ಕೊರೆಯುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷದಲ್ಲಿ ಒಳಗೆ ಉದುರಿದ ಸಿಪ್ಪೆಯನ್ನು ಹೆಕ್ಕಿ ತೆಗೆಯಲು ಒಂದು ಇಡೀ ದಿನ ಸಾಲದೆ ಹೋಗಬಹುದು.

"ಫಿಲ್ಟರ್ ಇದೆಯಲ್ಲ, ಅದು ಹಿಡಿಯುತ್ತೆ ಬಿಡಿ" ಎನ್ನುವವರು ಬಹಳ ಮಂದಿ. ಫಿಲ್ಟರ್ ಹಿಡಿಯುತ್ತದೆ, ನಿಜ. ಆದರೆ ಎಷ್ಟೋ ವಾಹನಗಳಲ್ಲಿ ಪಂಪ್ ಇರುವುದು ಫಿಲ್ಟರಿಗಿಂತ ಮೊದಲು. ಟ್ಯಾಂಕಿನೊಳಗೇ ಕೂತ ಎಲೆಕ್ಟ್ರಿಕ್ ಪಂಪಿಗೆ ಇರುವ ರಕ್ಷಣೆ ಒಂದು ಬಲೆಯ ಚೀಲ ಮಾತ್ರ. ಡೀಸೆಲ್ ಹೀಟರಿನ ಪುಟ್ಟ ಪಂಪಿನಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಎಷ್ಟು ಕಿರಿದೆಂದರೆ, ಕಣ್ಣಿಗೆ ಕಂಡೂ ಕಾಣದ ಒಂದು ಚೂರು ಸಿಕ್ಕಿದರೆ ಪಂಪ್ ನಿಂತೇ ಹೋಗುತ್ತದೆ. ಕಾರ್ಬೊರೇಟರ್ ಇರುವ ಎಂಜಿನ್ನಿನಲ್ಲಿ ಅದೇ ಚೂರು ಸೂಜಿ ಕವಾಟದ ಕೆಳಗೆ ಕೂತರೆ ಕವಾಟ ಮುಚ್ಚುವುದಿಲ್ಲ, ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಇನ್ನು ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಇಂಧನ ಹೋಗುವ) ಡೀಸೆಲ್ ಎಂಜಿನ್ನುಗಳ ಮಾತು: ಅಲ್ಲಿ ಇಂಧನದ ಒತ್ತಡ 2000 ಬಾರ್ ದಾಟುವುದುಂಟು, ಇಂಜೆಕ್ಟರಿನ ಒಳಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಅಂದಾಜು ಸಿಗುತ್ತದೆ.

ಆದ್ದರಿಂದ ಈ ಕೆಲಸದ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ಏಳುವ ಚೂರು ಎತ್ತ ಹೋಗುತ್ತದೆ? ಕೆಳಗೆ ಬರುವ ಎಲ್ಲ ಉಪಾಯಗಳೂ ಇದೊಂದು ಪ್ರಶ್ನೆಗೆ ಕೊಟ್ಟ ಉತ್ತರಗಳು.

ಕೊರೆಯಲೇಬೇಕೇ?

ಡ್ರಿಲ್ ಎತ್ತುವ ಮೊದಲು ಟ್ಯಾಂಕನ್ನು ಒಮ್ಮೆ ಸುತ್ತ ನೋಡಿ. ಸೆಂಡರ್ ಅಥವಾ ಪಂಪ್ ಕೂತಿರುವ ಮುಚ್ಚಳವನ್ನು ಬಿಚ್ಚಿ ತೆಗೆಯಲು ಬರುತ್ತದೆಯೇ? ಬರುವುದಾದರೆ ಅದನ್ನು ಬಿಚ್ಚಿ, ಟ್ಯಾಂಕಿನ ಬಾಯಿಗೆ ಬೇರೇನಾದರೂ ಬಿಗಿಯಾಗಿ ಮುಚ್ಚಿ, ಬಿಚ್ಚಿದ ಆ ಮುಚ್ಚಳವನ್ನು ದೂರದ ಮೇಜಿನ ಮೇಲೆ ವೈಸಿಗೆ ಕಚ್ಚಿಸಿ ತೂತು ಮಾಡಿ. ಕೊರೆದ ಮೇಲೆ ತೊಳೆದು ಒರೆಸಿ ಮತ್ತೆ ಕೂರಿಸಿದರೆ ಟ್ಯಾಂಕಿನೊಳಗೆ ಒಂದೇ ಒಂದು ಚೂರೂ ಬಿದ್ದಿರುವುದಿಲ್ಲ. ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಬಳಸದೆ ಮುಚ್ಚಿಟ್ಟ ಹಳೆಯ ಕಿಂಡಿ ಇದ್ದರೆ ಅದೂ ಆಗುತ್ತದೆ. ಹೀಟರಿನಂತೆ ಸ್ವಲ್ಪವೇ ಇಂಧನ ಬೇಡುವ ಸಾಧನಕ್ಕೆ, ತಯಾರಕರು ಒಪ್ಪುವುದಾದರೆ, ಇರುವ ಪೈಪಿಗೇ ಟಿ ಜೋಡಣೆ ಹಾಕಬಹುದು.

ಇದಾವುದೂ ಸಾಧ್ಯವಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಕ್ಕೆ ಓದಿ.

ಚೂರಿಗಿಂತ ಮೊದಲು ಆವಿ

ಚೂರು ಎಂಜಿನ್ನನ್ನು ಕೆಡಿಸುತ್ತದೆ. ಆವಿ ಜೀವವನ್ನೇ ತೆಗೆಯುತ್ತದೆ. ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲಿ ನನ್ನದು ಕಡ್ಡಾಯದ ಮಾತು: ವಾಹನದಲ್ಲಿ ಇದ್ದ ಹಾಗೆಯೇ ಅದಕ್ಕೆ ಎಂದೂ ಡ್ರಿಲ್ ತಾಗಿಸಬೇಡಿ. ಖಾಲಿಯಾಗಿದೆ ಎನ್ನುವುದು ಸಮಾಧಾನದ ಸಂಗತಿಯಲ್ಲ. ತುಂಬಿದ ಟ್ಯಾಂಕಿಗಿಂತ ಈಗಷ್ಟೇ ಖಾಲಿ ಮಾಡಿದ ಟ್ಯಾಂಕೇ ಹೆಚ್ಚು ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಅದು ಕಿಡಿಗೆ ಸಿಡಿಯುತ್ತದೆ. 50 ಲೀಟರಿನ ಖಾಲಿ ಟ್ಯಾಂಕು ಆ ಮಿತಿ ಮುಟ್ಟಲು ಒಂದು ಟೀ ಚಮಚಕ್ಕಿಂತ ಕಡಿಮೆ ಪೆಟ್ರೋಲ್ ಆವಿಯಾದರೆ ಸಾಕು. ಸಂದಿಗೊಂದಿಯಲ್ಲಿ ಅಷ್ಟು ಉಳಿದೇ ಇರುತ್ತದೆ. ಡ್ರಿಲ್ಲಿನ ಮೋಟಾರಿನಲ್ಲಿ ಕಿಡಿ ಹಾರುತ್ತದೆ, ಬಿಸಿಯಾದ ಸಿಪ್ಪೆಯೂ ಇರುತ್ತದೆ, ಬಟ್ಟೆ ಉಜ್ಜಿದ ಸ್ಥಿರ ವಿದ್ಯುತ್ತೂ ಇರುತ್ತದೆ. ಬ್ಯಾಟರಿ ಡ್ರಿಲ್ ಆದ ಮಾತ್ರಕ್ಕೆ ಸುರಕ್ಷಿತವಲ್ಲ.

ಪೆಟ್ರೋಲ್ ಟ್ಯಾಂಕಾದರೆ ಬಿಚ್ಚಿ ಕೆಳಗಿಳಿಸಿ, ಬಯಲಲ್ಲಿ ಪೂರ್ತಿ ಖಾಲಿ ಮಾಡಿ, ಬಿಸಿನೀರು ಮತ್ತು ಸೋಪಿನ ಪುಡಿಯಿಂದ ಮತ್ತೆ ಮತ್ತೆ ತೊಳೆದು, ಅನಿಲ ಅಳೆಯುವ ಮೀಟರಿನಲ್ಲಿ ಸೊನ್ನೆ ಬಂದ ಮೇಲೆಯೇ ಕೆಲಸ. ಮೂಗನ್ನು ನಂಬಬೇಡಿ, ಸ್ವಲ್ಪ ಹೊತ್ತಿನಲ್ಲಿ ಅದು ವಾಸನೆಗೆ ಒಗ್ಗಿಬಿಡುತ್ತದೆ. ಪ್ಲಾಸ್ಟಿಕ್ ಟ್ಯಾಂಕು ಇನ್ನೂ ಮೋಸದ್ದು: ಅದರ ಗೋಡೆ ಪೆಟ್ರೋಲನ್ನು ಹೀರಿಕೊಂಡಿರುತ್ತದೆ. ತೊಳೆದು ಒಣಗಿಸಿದ ಮೇಲೂ ನಿಧಾನವಾಗಿ ಆವಿ ಬಿಡುತ್ತಲೇ ಇರುವುದರಿಂದ ಕೊರೆಯುವ ಮುನ್ನ ಮತ್ತೊಮ್ಮೆ ಅಳೆಯಲೇಬೇಕು. ಮೀಟರ್ ಇಲ್ಲ, ಅನುಭವವೂ ಇಲ್ಲ ಎಂದಾದರೆ ಟ್ಯಾಂಕು ದುರಸ್ತಿಯನ್ನೇ ಕಸುಬಾಗಿ ಮಾಡುವವರಿಗೆ ಕೊಡಿ.

ಇಂಗಾಲದ ಡೈಆಕ್ಸೈಡ್ ತುಂಬಿದರೆ ಆವಿ ಉರಿಯುವುದಿಲ್ಲ ಎಂದು ಕೇಳಿ ಅಗ್ನಿಶಾಮಕ ಸಿಲಿಂಡರನ್ನೇ ಟ್ಯಾಂಕಿನ ಬಾಯಿಗೆ ಹಿಡಿಯುವವರಿದ್ದಾರೆ. ದಯವಿಟ್ಟು ಬೇಡ. ರಭಸದಿಂದ ಚಿಮ್ಮುವ ಆ ಅನಿಲದಲ್ಲಿ ಹಿಮದ ಕಣಗಳಿರುತ್ತವೆ, ಅವು ಸ್ಥಿರ ವಿದ್ಯುತ್ತನ್ನು ಹುಟ್ಟಿಸುತ್ತವೆ. 1954ರಲ್ಲಿ ಜರ್ಮನಿಯ ಬಿಟ್‌ಬುರ್ಗ್‌ನಲ್ಲಿ ಇಂಧನ ಸಂಗ್ರಹದ ಟ್ಯಾಂಕೊಂದಕ್ಕೆ ಅಳವಡಿಸಿದ್ದ ಇಂಥದೇ ಅಗ್ನಿಶಾಮಕ ವ್ಯವಸ್ಥೆಯನ್ನು ಪರೀಕ್ಷಿಸುತ್ತಿದ್ದಾಗಲೇ ಟ್ಯಾಂಕು ಸ್ಫೋಟಗೊಂಡು ಹಲವರು ಸತ್ತರು.

ಡೀಸೆಲ್ ಇಷ್ಟು ಉಗ್ರವಲ್ಲ. ಯುರೋಪಿನ ಮಾನದಂಡದಂತೆ ಅದರ ಆವಿ ಹೊತ್ತಿಕೊಳ್ಳುವ ಉಷ್ಣಾಂಶ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಕೆಲವು ದೇಶಗಳ ಮಾನದಂಡ ಇದಕ್ಕಿಂತ ಕೆಳಗಿದೆ. ಹಾಗಾಗಿ ಬಿಸಿಲಲ್ಲಿ ಕಾದ ಟ್ಯಾಂಕು, ಈಗಷ್ಟೇ ಓಡಿ ಬಂದ ವಾಹನ, ಸೀಮೆಎಣ್ಣೆಯೋ ಪೆಟ್ರೋಲೋ ಬೆರೆತಿರಬಹುದಾದ ಡೀಸೆಲ್ ಇವು ಮೂರನ್ನೂ ಬಿಟ್ಟು, ಟ್ಯಾಂಕು ಪೂರ್ತಿ ತಣ್ಣಗಿರುವಾಗ ಕೆಲಸ ಹಿಡಿಯಿರಿ. ಬ್ಯಾಟರಿ ತಂತಿ ಕಳಚಿ. ಗಾಳಿಯಾಡುವ ಜಾಗವಿರಲಿ, ಬೆಂಕಿ ನಂದಿಸುವ ಸಾಧನ ಕೈಗೆಟುಕುವಲ್ಲಿರಲಿ.

ಜಾಗ ಮತ್ತು ಡ್ರಿಲ್ಲಿನ ಬಿಟ್ಟು

ತೂತು ಟ್ಯಾಂಕಿನ ಮೇಲ್ಭಾಗದ ಸಮತಟ್ಟಾದ ಜಾಗದಲ್ಲಿರಲಿ. ಒಳಗಿನ ಅಡ್ಡಗೋಡೆ ಎಲ್ಲಿದೆ, ಸೆಂಡರಿನ ತೇಲುಬುರುಡೆ ಎಲ್ಲಿ ಓಡಾಡುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಬೆರಳಿನಿಂದ ತಟ್ಟಿದರೆ ಅಡ್ಡಗೋಡೆಯ ಮೇಲೆ ಸದ್ದು ಬದಲಾಗುತ್ತದೆ. ಸಾಧ್ಯವಿದ್ದರೆ ದೊಡ್ಡದೊಂದು ಕಿಂಡಿಯ ಹತ್ತಿರವೇ ಕೊರೆಯಿರಿ. ಆಮೇಲೆ ಕೈಯೋ ಅಯಸ್ಕಾಂತವೋ ಒಳಗೆ ಹೋಗಲು ಅದೇ ಬಾಗಿಲು.

ಟ್ಯಾಂಕಿನ ತಗಡು ತೆಳುವಾಗಿರುತ್ತದೆ. ಡ್ರಿಲ್ಲಿಗೆ ಸಿಕ್ಕಿಸುವ ಕೊರೆಯುವ ಕಡ್ಡಿಯೇ ಬಿಟ್ಟು. ಸುರುಳಿಯಾಕಾರದ ಸಾಮಾನ್ಯ ಬಿಟ್ಟು ತೆಳು ತಗಡನ್ನು ತೂತಾಗಿಸುವ ಕ್ಷಣದಲ್ಲಿ ಕಚ್ಚಿ ಎಳೆಯುತ್ತದೆ, ತೂತು ಮುಕ್ಕೋನವಾಗುತ್ತದೆ, ಅಂಚಿನಲ್ಲಿ ಹರಿದ ತುಣುಕು ಒಳಗೆ ಜೋತಾಡುತ್ತದೆ. ಆ ತುಣುಕೇ ಒಂದು ದಿನ ಕಳಚಿ ಬೀಳುವುದು. ಮೊದಲು 3 ಮಿಲಿಮೀಟರಿನ ಸಣ್ಣ ತೂತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಬಿಟ್ಟು, ಇದು ನಾನು ನೆಚ್ಚುವ ಕ್ರಮ. ಬಿಟ್ಟು ಹರಿತವಾಗಿರಬೇಕು. ಮೊಂಡ ಬಿಟ್ಟು ಕತ್ತರಿಸುವುದಿಲ್ಲ, ಅರೆಯುತ್ತದೆ. ಉದ್ದ ಸುರುಳಿಯ ಬದಲು ಹುಡಿ ಉದುರಿಸುತ್ತದೆ, ಹುಡಿಯನ್ನು ಹಿಡಿಯುವುದು ಸುರುಳಿಯನ್ನು ಹಿಡಿಯುವುದಕ್ಕಿಂತ ಎಷ್ಟೋ ಕಷ್ಟ. ವೇಗವೂ ಕಡಿಮೆಯಿರಲಿ, ನಿಮಿಷಕ್ಕೆ 300–400 ಸುತ್ತು ಸಾಕು.

ಟ್ಯಾಂಕು ಬಿಚ್ಚಿದ್ದರೆ: ಮಗುಚಿ, ಕೆಳಗಿನಿಂದ ಕೊರೆಯಿರಿ

ಎಲ್ಲರಿಗೂ ಹೊಳೆಯಬೇಕಾದ, ಆದರೆ ಯಾರೂ ಮಾಡದ ಉಪಾಯವಿದು. ಖಾಲಿ ಮಾಡಿ ತೊಳೆದ ಟ್ಯಾಂಕನ್ನು ಎರಡು ಗಟ್ಟಿ ಸ್ಟ್ಯಾಂಡುಗಳ ಮೇಲೆ ತಲೆಕೆಳಗಾಗಿ ಇಟ್ಟು ಕಟ್ಟಿ, ಕೊರೆಯಬೇಕಾದ ಮುಖ ನೆಲವನ್ನು ನೋಡುವಂತಿರಲಿ. ಕೆಳಗೆ ಕೂತು ಡ್ರಿಲ್ಲನ್ನು ಮೇಲ್ಮುಖವಾಗಿ ಹಿಡಿದು ಕೊರೆಯಿರಿ. ಎದ್ದ ಸಿಪ್ಪೆಯೆಲ್ಲ ತನ್ನ ಭಾರಕ್ಕೆ ತಾನೇ ನೆಲಕ್ಕೆ ಉದುರುತ್ತದೆ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಬೇಕೇ ಬೇಕು. ಬಿಟ್ಟು ಒಳಹೊಕ್ಕ ಮೇಲೆ ಅದರ ಹಳ್ಳಕ್ಕೆ ಅಂಟಿಕೊಂಡು ಒಳಗೆ ಹೋಗುವ ಕೆಲವು ಚೂರುಗಳಷ್ಟೇ ಉಳಿಯುತ್ತವೆ. ಟ್ಯಾಂಕನ್ನು ತಿರುಗಿಸುವ ಮುನ್ನ ಬೆನ್ನಿಗೆ ರಬ್ಬರ್ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಅದೇ ತೂತಿನಿಂದ ಕೆಳಗೆ ಬರುತ್ತವೆ.

ಮೇಲಿನಿಂದಲೇ ಕೊರೆಯಬೇಕಾದರೆ

ವಾಹನದಲ್ಲೇ ಇರುವ ಡೀಸೆಲ್ ಟ್ಯಾಂಕಿಗೆ ಮಗುಚುವ ಭಾಗ್ಯವಿಲ್ಲ. ಇಲ್ಲಿ ಕೆಲಸ ಮಾಡುವುದು ಅಂಟು. ಇಂಧನದ ಮಟ್ಟ ಆದಷ್ಟು ಕೆಳಗಿರಲಿ, ಬಿದ್ದ ಚೂರು ಕಣ್ಣಿಗೆ ಕಾಣಲಿ, ಅಯಸ್ಕಾಂತಕ್ಕೆ ಸಿಗಲಿ.

ಮೊದಲಿಗೆ ಟ್ಯಾಂಕಿನ ಮೇಲ್ಭಾಗವನ್ನು ತೊಳೆಯಿರಿ. ವರ್ಷಗಳ ಮಣ್ಣು, ತುಕ್ಕು, ಎದ್ದ ಬಣ್ಣ ಅಲ್ಲಿ ಕೂತಿರುತ್ತದೆ. ಲೋಹದ ಚೂರಿನ ಮೇಲೆಯೇ ಗಮನವಿಟ್ಟವರು ಇದನ್ನು ಮರೆಯುತ್ತಾರೆ, ಆಮೇಲೆ ಫಿಲ್ಟರಿನಲ್ಲಿ ಸಿಗುವುದು ಬರೀ ಮಣ್ಣು.

ತೂತಿನ ಗುರುತಿನ ಸುತ್ತ ಎರಡು ಬೆರಳು ದೂರದಲ್ಲಿ ಮೆತ್ತನೆಯ ಜೇಡಿಯಿಂದ, ಅಂದರೆ ಮಕ್ಕಳು ಆಡುವ ಪ್ಲಾಸ್ಟಿಸಿನ್ನಿನಂಥದ್ದರಿಂದ, ಒಂದು ಪುಟ್ಟ ಕಟ್ಟೆ ಕಟ್ಟಿ. ಕಟ್ಟೆಯೊಳಗೆ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ತುಂಬಿ. ಬಿಟ್ಟಿನ ಹಳ್ಳಗಳಲ್ಲೂ ಅದನ್ನೇ ಮೆತ್ತಿ. ಸಾಮಾನ್ಯವಾಗಿ ಎಲ್ಲರೂ ಗ್ರೀಸ್ ಎನ್ನುತ್ತಾರೆ, ಅದೂ ಚೂರನ್ನು ಹಿಡಿಯುತ್ತದೆ. ಆದರೆ ಗ್ರೀಸಿಗೆ ಗಟ್ಟಿತನ ಕೊಡುವ ಲಿಥಿಯಂ ಸೋಪು ಇಂಧನದಲ್ಲಿ ಪೂರ್ತಿ ಕರಗುವುದಿಲ್ಲ, ಒಳಗೆ ಬಿದ್ದ ಮುದ್ದೆ ಹೋಗಿ ಬಲೆಗೆ ಅಂಟಬಹುದು. ಪೆಟ್ರೋಲಿಯಂ ಜೆಲ್ಲಿ ಡೀಸೆಲಿನ ನೆಂಟನೇ, ಅದರಲ್ಲೇ ಕರಗಿ ಹೋಗುತ್ತದೆ. ಅದರ ದೌರ್ಬಲ್ಯ ಒಂದೇ, ಬಿಸಿ ತಾಗಿದರೆ ಬೇಗ ಕರಗಿ ನೀರಾಗುತ್ತದೆ. ನಿಧಾನವಾಗಿ ಕೊರೆಯಿರಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೂ ಸೇರಿ. ಸಿಲಿಕೋನ್ ಗ್ರೀಸ್ ಮಾತ್ರ ಮುಟ್ಟಬೇಡಿ, ಪೆಟ್ರೋಲ್ ಎಂಜಿನ್ನುಗಳಲ್ಲಿ ಅದು ಹೊಗೆಕೊಳವೆಯ ಆಮ್ಲಜನಕ ಸೆನ್ಸರನ್ನು ಹಾಳುಮಾಡುತ್ತದೆ.

ಈಗ ಸಣ್ಣ ಬಿಟ್ಟಿನಿಂದ ಆರಂಭಿಸಿ. ನಾಲ್ಕೈದು ಸುತ್ತು ತಿರುಗಿಸಿ, ನಿಲ್ಲಿಸಿ, ಬಿಟ್ಟನ್ನು ಮೇಲೆತ್ತಿ ಬಟ್ಟೆಯಲ್ಲಿ ಒರೆಸಿ, ಹೊಸ ಜೆಲ್ಲಿ ಮೆತ್ತಿ, ಮತ್ತೆ ನಾಲ್ಕೈದು ಸುತ್ತು. ಬಿಟ್ಟು ತಿರುಗುತ್ತಿರುವಾಗಲೇ ಹೊರಗೆಳೆಯಬೇಡಿ, ಅಂಟಿದ ಸಿಪ್ಪೆ ಚಿಮ್ಮಿ ಹೋಗುತ್ತದೆ.

ತಗಡು ತೂತಾಗುವ ಹೊತ್ತಿಗೆ ಕೈಗೆ ಅದರ ಸುಳಿವು ಸಿಗುತ್ತದೆ: ಸದ್ದು ತೆಳುವಾಗುತ್ತದೆ, ಬಿಟ್ಟು ತುಸು ನಡುಗುತ್ತದೆ. ಅಲ್ಲಿ ನಿಲ್ಲಿಸಿ. ಕಟ್ಟೆಯೊಳಗಿನ ಜೆಲ್ಲಿಯನ್ನು ಅದರಲ್ಲಿ ಸೇರಿದ ಸಿಪ್ಪೆಯ ಸಮೇತ ಬಳಿದು ತೆಗೆದು, ಹೊಸದು ತುಂಬಿ, ಆಮೇಲೆ ಮುಂದುವರಿಸಿ. ಇದು ಇಡೀ ಕೆಲಸದ ಹೃದಯ. ಒಳಗೆ ಬೀಳುವ ಚೂರುಗಳಲ್ಲಿ ಎಷ್ಟೋ ಒಳಮುಖದಿಂದ ಕಳಚಿದ್ದಲ್ಲ. ಹೊರಗೆ ತೂತಿನ ಬಾಯಲ್ಲಿ ಗುಡ್ಡೆಬಿದ್ದು, ಬಿಟ್ಟು ಮೇಲೆತ್ತಿದ ಕೂಡಲೇ ತೆರೆದ ತೂತಿನೊಳಗೆ ಜಾರಿದವು ಅವು. ಗುಡ್ಡೆಯೇ ಇಲ್ಲದಿದ್ದರೆ ಜಾರುವುದೂ ಇಲ್ಲ. ಕೊನೆಯ ಪದರ ಕತ್ತರಿಸುವಾಗ ಒತ್ತಡವನ್ನು ಪೂರ್ತಿ ಬಿಟ್ಟು, ಡ್ರಿಲ್ಲಿನ ಭಾರವಷ್ಟೇ ಕೆಲಸ ಮಾಡಲಿ. ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕನ್ನು ಕೈಯಿಂದ ತಿರುಗಿಸಿದರೆ ಇನ್ನೂ ಒಳ್ಳೆಯದು, ತೆಳು ತಗಡಿಗೆ ಅಷ್ಟೇ ಸಾಕಾಗುತ್ತದೆ.

ಸ್ಟೆಪ್ ಬಿಟ್ಟಿನಲ್ಲಿ ಅಗಲ ಮಾಡುವಾಗಲೂ ಪ್ರತಿ ಮೆಟ್ಟಿಲಿಗೆ ಒಮ್ಮೆ ಇದೇ ಕ್ರಮ. ಮಧ್ಯೆ ಫೋನ್ ಬಂದು ಎದ್ದು ಹೋಗುವುದಾದರೆ ತೂತಿಗೆ ಟೇಪು ಅಂಟಿಸಿ ಹೋಗಿ.

ಉಕ್ಕಿನ ಟ್ಯಾಂಕಾದರೆ ಬಿಟ್ಟಿನ ಬುಡಕ್ಕೆ ಒಂದು ಬಲವಾದ ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ. ಬಿಟ್ಟೇ ಅಯಸ್ಕಾಂತವಾಗಿ ಸಿಪ್ಪೆಯನ್ನು ಹಿಡಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಟ್ಯಾಂಕಿಗೆ ಈ ಸಹಾಯವಿಲ್ಲ, ಬಹುಪಾಲು ಸ್ಟೇನ್‌ಲೆಸ್ ಸ್ಟೀಲಿಗೂ ಇಲ್ಲ. ಅಲ್ಲಿ ಜೆಲ್ಲಿಯೊಂದೇ ಗತಿ, ಆದ್ದರಿಂದ ಒರೆಸುವುದನ್ನು ಇಮ್ಮಡಿ ಮಾಡಿ.

ಹತ್ತಿರದಲ್ಲಿ ದೊಡ್ಡ ಕಿಂಡಿ ಇದ್ದರೆ ಇನ್ನೊಂದು ರಕ್ಷಣೆ ಸಾಧ್ಯ. ಗಟ್ಟಿ ತಂತಿಯ ತುದಿಗೆ ಡಬ್ಬಿಯ ಮುಚ್ಚಳವೊಂದನ್ನು ಬಿಗಿದು, ಒಳಗೆಲ್ಲ ಜೆಲ್ಲಿ ಸವರಿ, ಕಿಂಡಿಯಿಂದ ಇಳಿಸಿ ತೂತಿನ ಕೆಳಗೆ ಹಿಡಿದುಕೊಳ್ಳಿ. ತಂತಿಯ ಈಚೆ ತುದಿ ಹೊರಗೆ ಕಟ್ಟಿರಬೇಕು. ಬಟ್ಟೆ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಬಿಟ್ಟಿಗೆ ಸುತ್ತಿಕೊಳ್ಳುತ್ತದೆ, ಎಳೆ ಬಿಡುತ್ತದೆ, ಆ ಎಳೆಯೂ ಬಲೆಯಲ್ಲೇ ಹೋಗಿ ಕೂರುತ್ತದೆ.

ಒಳಗಿನಿಂದ ಗಾಳಿ ಊದುವುದು

ಟ್ಯಾಂಕಿನೊಳಗೆ ಸ್ವಲ್ಪ ಒತ್ತಡವಿದ್ದರೆ ತೂತಾದ ಕ್ಷಣದಿಂದ ಗಾಳಿ ಹೊರಗೆ ಹರಿಯುತ್ತದೆ, ಚೂರೂ ಅದರ ಜೊತೆ ಹೊರಬರುತ್ತದೆ. ಉಪಾಯ ಒಳ್ಳೆಯದು. ಆದರೆ ತೊಳೆದು ಆವಿ ಇಲ್ಲವೆಂದು ಅಳೆದು ನೋಡಿದ ಟ್ಯಾಂಕಿಗೆ ಮಾತ್ರ. ಆವಿ ದಟ್ಟವಾಗಿರುವ ಪೆಟ್ರೋಲ್ ಟ್ಯಾಂಕಿಗೆ ಗಾಳಿ ಊದುವುದೆಂದರೆ ಅದನ್ನು ಸಿಡಿಯುವ ಹದಕ್ಕೆ ತರುವುದು. ವ್ಯಾಕ್ಯೂಮ್ ಕ್ಲೀನರಿನ ಹೀರುವ ಕೊಳವೆಯನ್ನು ತೂತಿನ ಪಕ್ಕ ಹಿಡಿಯುವುದಕ್ಕೂ ಇದೇ ನಿಯಮ: ಹೀರಿದ ಆವಿ ಕಿಡಿ ಹಾರುವ ಮೋಟಾರಿನ ಹತ್ತಿರಕ್ಕೇ ಹೋಗಬಹುದು.

ಒತ್ತಡದ ಲೆಕ್ಕವನ್ನೂ ಹಗುರವಾಗಿ ಕಾಣಬೇಡಿ. 40 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತಗಡಿನ ಮೇಲೆ ಕೇವಲ 0.2 ಬಾರ್ ಒತ್ತಡ ಎಂದರೆ ಸುಮಾರು 320 ಕಿಲೋ ಭಾರ ಹೇರಿದಂತೆ. ಟ್ಯಾಂಕು ಉಬ್ಬಿ ಹೊಲಿಗೆ ಬಿಡುತ್ತದೆ. ಕಂಪ್ರೆಸರಿನ ಕೊಳವೆಯನ್ನು ಬಾಯಿಗೆ ಬಿಗಿಯಾಗಿ ಕೂರಿಸಬೇಡಿ. ಸುತ್ತ ಧಾರಾಳ ಸಂದು ಬಿಟ್ಟು ಮೆಲ್ಲಗೆ ಹರಿಯಬಿಟ್ಟರೆ ಸಾಕು, ತೂತಿನ ಮೇಲೆ ಹಿಡಿದ ತೆಳು ಕಾಗದ ಅಲುಗಿದರೆ ಅಷ್ಟೇ ಗಾಳಿ ಬೇಕಾದದ್ದು.

ಪ್ಲಾಸ್ಟಿಕ್ ಟ್ಯಾಂಕು

ಇದರಲ್ಲಿ ಬಟ್ಟಲಿನಾಕಾರದ ಹೋಲ್ ಸಾ ಚೆನ್ನಾಗಿ ಕೆಲಸ ಮಾಡುತ್ತದೆ. ನಡುವಿನ ಪೈಲಟ್ ಬಿಟ್ಟು ಕತ್ತರಿಸಿದ ಬಿಲ್ಲೆಯನ್ನು ಚುಚ್ಚಿ ಹಿಡಿದಿರುತ್ತದೆ. ನಿಧಾನವಾಗಿ ಕೊರೆದರೆ ಸಿಪ್ಪೆ ಉದ್ದ ಪಟ್ಟಿಯಾಗಿ ಬರುತ್ತದೆ. ಒಳಗೆ ಬಿದ್ದ ಪ್ಲಾಸ್ಟಿಕ್ ತೇಲುತ್ತದೆ, ಆಮೇಲೆ ತೆಗೆದರಾಯಿತು ಎಂದುಕೊಳ್ಳಬೇಡಿ. ಈ ಟ್ಯಾಂಕುಗಳ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 0.95, ಡೀಸೆಲಿನದು ಸುಮಾರು 0.83, ಪೆಟ್ರೋಲಿನದು ಇನ್ನೂ ಕಡಿಮೆ. ಇಂಧನದಲ್ಲಿ ಅದು ಮುಳುಗುತ್ತದೆ, ನೀರಿನಲ್ಲಿ ತೇಲುತ್ತದೆ. ಇದನ್ನೇ ನಮ್ಮ ಅನುಕೂಲಕ್ಕೆ ಬಳಸಬಹುದು: ಬಿಚ್ಚಿ ತೊಳೆದ ಪ್ಲಾಸ್ಟಿಕ್ ಟ್ಯಾಂಕಿಗೆ ಕೊರೆದಾದ ಮೇಲೆ ನೀರು ತುಂಬಿ ಬಾಯಿಂದ ಉಕ್ಕಿಸಿದರೆ ಚೂರೆಲ್ಲ ತೇಲಿ ಹೊರಬರುತ್ತದೆ. ನಂತರ ಹನಿ ನೀರೂ ಉಳಿಯದಂತೆ ಒಣಗಿಸಬೇಕು.

ಅಂಚು ಕೆರೆಯುವುದು

ತೂತು ಸರಿಯಾದ ಅಳತೆಗೆ ಬಂದಿತು ಎಂಬ ಸಂತೋಷದಲ್ಲಿ ಅರ ತೆಗೆದುಕೊಂಡು ಅಂಚು ಉಜ್ಜಬೇಡಿ. ಇಷ್ಟು ಹೊತ್ತು ಕಾದದ್ದೆಲ್ಲ ಅರಪುಡಿಯಾಗಿ ಒಳಗೆ ಹೋಗುತ್ತದೆ. ಸ್ಟೆಪ್ ಬಿಟ್ಟಿನ ಮುಂದಿನ ಮೆಟ್ಟಿಲು ತೂತಿನ ಅಂಚಿಗೆ ತಾಗುವಂತೆ ಒಂದೇ ಸುತ್ತು ತಿರುಗಿಸಿದರೆ ಮೇಲಂಚು ನಯವಾಗುತ್ತದೆ. ಒಳಂಚಿಗೆ ಕೊಕ್ಕೆಯಂಥ ಅಲಗಿನ ಕೈ ಉಪಕರಣ ಬರುತ್ತದೆ, ಅದಕ್ಕೂ ಜೆಲ್ಲಿ ಸವರಿ ಸುತ್ತ ಎಳೆಯಿರಿ. ಎದ್ದ ಎಳೆಯನ್ನು ಚಿಮಟದಲ್ಲಿ ಹಿಡಿದು ತೆಗೆಯಿರಿ.

ಬಿದ್ದದ್ದನ್ನು ಹುಡುಕುವುದು

ಇಷ್ಟೆಲ್ಲ ಮಾಡಿದರೂ ನಾಲ್ಕು ಚೂರು ಬಿದ್ದೇ ಬೀಳುತ್ತದೆ ಎಂದೇ ತಿಳಿದು ಹುಡುಕಬೇಕು. ಉದ್ದ ಕೋಲಿನ ತುದಿಯ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದೊಳಗಿಟ್ಟು ಕಟ್ಟಿ ತಳದಲ್ಲೆಲ್ಲ ಆಡಿಸಿ. ಹೊರಗೆ ತಂದು ಚೀಲವನ್ನು ಒಳಹೊರಗು ಮಾಡಿ ಕಳಚಿದರೆ ಅಂಟಿದ ಚೂರು ಚೀಲದ ಜೊತೆಗೇ ಬರುತ್ತದೆ. ಚೀಲವಿಲ್ಲದಿದ್ದರೆ ಅಯಸ್ಕಾಂತದಿಂದ ಅವನ್ನು ಬಿಡಿಸುವುದೇ ಒಂದು ಕೆಲಸ. ಉಕ್ಕಿನ ಟ್ಯಾಂಕಿನಲ್ಲಿ ಅಯಸ್ಕಾಂತ ಗೋಡೆಗೇ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಸಣ್ಣದನ್ನು ಬಳಸಿ. ಬೋರೋಸ್ಕೋಪ್ (ಬಳುಕುವ ಉದ್ದ ತಂತಿಯ ತುದಿಯಲ್ಲಿರುವ ಪುಟ್ಟ) ಕ್ಯಾಮೆರಾ ಇದ್ದರೆ ಮೂಲೆಗಳನ್ನೂ ಅಡ್ಡಗೋಡೆಯ ಬುಡವನ್ನೂ ನೋಡಿ.

ಆಮೇಲೆ ತೊಳೆತ. ಟ್ಯಾಂಕಿನೊಳಗಿನ ಪಂಪನ್ನು ಮೊದಲೇ ಹೊರತೆಗೆದಿರಬೇಕು, ಪಂಪ್ ಓಡಿಸಿ ಟ್ಯಾಂಕು ತೊಳೆಯುವುದೆಂದರೆ ಚೂರನ್ನು ಕರೆದು ಪಂಪಿಗೆ ಉಣಿಸಿದಂತೆ. ಐದಾರು ಲೀಟರ್ ಶುದ್ಧ ಡೀಸೆಲ್ ರಭಸದಿಂದ ಸುರಿದು, ಟ್ಯಾಂಕು ಬಿಚ್ಚಿದ್ದರೆ ನಾಲ್ಕೂ ದಿಕ್ಕಿಗೆ ವಾಲಿಸಿ ಅಲ್ಲಾಡಿಸಿ, ತಳದ ಬೋಲ್ಟು ತೆಗೆದು ಬಣ್ಣ ಸೋಸುವ ನೈಲಾನ್ ಜರಡಿಯ ಮೂಲಕ ಹರಿಯಬಿಡಿ. ಜರಡಿಯನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿದರೆ ಲೋಹ ಮಿನುಗುತ್ತದೆ. ಸತತ ಎರಡು ಸಲ ಜರಡಿ ಸ್ವಚ್ಛವಾಗಿ ಬರುವವರೆಗೂ ಬಿಡಬೇಡಿ. ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಉಕ್ಕಿನ ಚೂರು ಉಳಿದು, ತಳದಲ್ಲಿ ನೀರೂ ಸೇರಿದರೆ ಆ ಚೂರಿನ ಕೆಳಗೆ ಲೋಹ ತಿನ್ನುತ್ತಾ ಹೋಗುತ್ತದೆ. ಅಂಥ ಟ್ಯಾಂಕಿಗೆ ಸಲಹೆ: ಇನ್ನೂ ಒಂದು ಸಲ ತೊಳೆಯಿರಿ.

ಜೋಡಿಸಿ ಓಡಿಸುವಾಗ

ಜೋಡಣೆಯ ವಾಷರ್ ಇಂಧನ ತಾಳುವ ನೈಟ್ರೈಲ್ ಅಥವಾ ವೈಟಾನ್ ರಬ್ಬರಿನದ್ದಾಗಿರಲಿ, ಸಿಲಿಕೋನ್ ಮೇಣ ಬೇಡ. ಹೊಸ ಪೈಪಿನ ತುದಿ ತಳಕ್ಕೆ ತಾಗದೆ ಎರಡು ಬೆರಳಿನಷ್ಟು ಮೇಲೆ ನಿಲ್ಲಬೇಕು. ತಳದಲ್ಲಿ ಚೂರೂ ನೀರೂ ಇದ್ದರೆ ಅಲ್ಲೇ ಇರಲಿ.

ಹಳೆಯ ಫಿಲ್ಟರನ್ನು ಈಗಲೇ ಬದಲಿಸಬೇಡಿ. ಅದರಲ್ಲೇ ಮೊದಲ ಒಂದು ಟ್ಯಾಂಕು ಇಂಧನ ಓಡಿಸಿ, ಆಮೇಲೆ ಹೊಸದು ಹಾಕಿ. ಕುಲುಕಾಟಕ್ಕೆ ಮೂಲೆಯಲ್ಲಿದ್ದ ಚೂರು ಈಚೆ ಬರಲು ಅಷ್ಟು ಓಟ ಬೇಕು. ಕಾರ್ಬೊರೇಟರಿನ ಎಂಜಿನ್ನಾದರೆ ಪಾರದರ್ಶಕ ಫಿಲ್ಟರೊಂದನ್ನು ದಾರಿಯಲ್ಲಿ ಸೇರಿಸಿ ದಿನವೂ ಕಣ್ಣಾಡಿಸಬಹುದು. ಇಂಜೆಕ್ಷನ್ ಎಂಜಿನ್ನಿನ ಒತ್ತಡದ ಪೈಪಿಗೆ ಆ ಪ್ಲಾಸ್ಟಿಕ್ ಫಿಲ್ಟರ್ ಸಲ್ಲದು, ಸಿಡಿಯುತ್ತದೆ.

ಬಿಚ್ಚಿದ ಫಿಲ್ಟರನ್ನು ಎಸೆಯುವ ಮುನ್ನ ಕತ್ತರಿಸಿ ತೆರೆಯಿರಿ. ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿ, ಕಾಗದದ ಅಡಿಯಲ್ಲಿ ಅಯಸ್ಕಾಂತ ಓಡಿಸಿ. ಏನೂ ಅಲುಗದಿದ್ದರೆ, ಓರೆ ಬೆಳಕಿಗೂ ಏನೂ ಮಿನುಗದಿದ್ದರೆ, ಕೆಲಸ ಮುಗಿಯಿತು. ಎರಡು ಮೂರು ಎಳೆ ಕಂಡರೆ ಹೊಸ ಫಿಲ್ಟರನ್ನೂ ಇನ್ನೊಂದು ಟ್ಯಾಂಕು ಓಡಿದ ಮೇಲೆ ಹೀಗೆಯೇ ತೆರೆದು ನೋಡಿ. ಆಗಲೂ ಬಂದರೆ ಟ್ಯಾಂಕನ್ನು ಮತ್ತೆ ಇಳಿಸಿ ತೊಳೆಯಬೇಕು.